ನಡುಗೋಡೆ

"ನಿಮ್ಮ ಮನೆತನದಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ, ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?" ಎಂದು ಡಾಕ್ಟರು ಕೇಳಿದಾಗ ಮೂವರೂ ಒಟ್ಟಿಗೆ ಇಲ್ಲ ಅಂದರು. ಒಬ್ಬರು ಹೇಳಲಿ ಅಂತ ಇನ್ನೊಬ್ಬರು ಕಾಯಲೂ ಇಲ್ಲ. ಕುಮಾರ್ ಅಂದ, ಅವನ ಹೆಂಡತಿ ವಾಣಿಶ್ರೀ ಅಂದಳು, ಅವನ ಅವ್ವ ಜಯಲಕ್ಷ್ಮಮ್ಮ ಎಲ್ಲರಿಗಿಂತ ಜೋರಾಗಿ ಅಂದಳು.

ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದವಳು ಕುಮಾರನ ಮಗಳು ಚಿನ್ನು. ಒಂಬತ್ತು ವರ್ಷದ ಹುಡುಗಿ. ಡಾಕ್ಟರು ಅವಳ ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಟಾರ್ಚಿನ ಹಿಡಿಯಂಥದ್ದೊಂದನ್ನು ಪಕ್ಕೆಲುಬುಗಳ ಸಂದಿಗೆ ಒತ್ತಿ ಹಿಡಿದಿದ್ದರು. ಯಂತ್ರದ ಪರದೆಯಲ್ಲಿ ಕಪ್ಪುಬಿಳುಪಾಗಿ ಬಾಯಿ ತೆಗೆದು ಮುಚ್ಚುತ್ತಿರುವುದೇ ತನ್ನ ಹೃದಯ ಅಂದರೆ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಬೇಕಂತಲೇ ಉಸಿರು ಕಟ್ಟಿ, ಅದು ನಿಲ್ಲುತ್ತದಾ ಅಂತ ನೋಡುತ್ತಿದ್ದಳು.

ಆ ಕೋಣೆ ಅಸಲಿಗೆ ಆಸ್ಪತ್ರೆಯದ್ದಲ್ಲ. ಹುಣಸೂರಿನ ಬೈಪಾಸ್ ಪಕ್ಕದ ಕಲ್ಯಾಣಮಂಟಪದಲ್ಲಿ ಮದುವಣಗಿತ್ತಿಗೆ ಸೀರೆ ಉಡಿಸುವ ಕೋಣೆ. ಬಾಗಿಲ ಮೇಲೆ 'ವಧುವಿನ ಕೊಠಡಿ' ಅಂತ ಹಿತ್ತಾಳೆ ಅಕ್ಷರದಲ್ಲಿತ್ತು. ಅದರ ಕೆಳಗೆ ಯಾರೋ ಸ್ಕೆಚ್ ಪೆನ್ನಿನಲ್ಲಿ 'ಎಕೋ' ಅಂತ ಬರೆದು ಹಾಳೆ ಅಂಟಿಸಿದ್ದರು. ಮೈಸೂರಿನ ಟ್ರಸ್ಟೊಂದು ಆ ಭಾನುವಾರ ಏರ್ಪಡಿಸಿದ್ದ ಮಕ್ಕಳ ಹೃದಯ ತಪಾಸಣೆಗೆ ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರ ಎಲ್ಲ ಕಡೆಯಿಂದ ಜನ ಬಂದಿದ್ದರು. ಕುಮಾರನ ಮನೆಯವರು ರಾವಂದೂರಿನ ಪಕ್ಕದ ಹಳ್ಳಿಯಿಂದ ಏಳು ಗಂಟೆ ಬಸ್ಸಿಗೇ ಹೊರಟಿದ್ದರು.

ಚಿನ್ನು ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಮೊದಲ ಸಲ ಸ್ಕೂಲಿನಲ್ಲಿ ಖೋಖೋ ಆಡುವಾಗ. ಬೆಳಿಗ್ಗೆ ಸರಿಯಾಗಿ ತಿಂದಿಲ್ಲ, ಅದಕ್ಕೇ ಅಂದರು ಮೇಷ್ಟ್ರು. ಎರಡನೇ ಸಲ ಮನೆ ಮುಂದೆ, ನೀರಿನ ಬಿಂದಿಗೆ ಎತ್ತಿಕೊಂಡು ಓಡಿಬರುವಾಗ. ದೃಷ್ಟಿ ಆಗೈತೆ ಅಂದಳು ಜಯಲಕ್ಷ್ಮಮ್ಮ, ಮೆಣಸಿನಕಾಯಿ ನಿವಾಳಿಸಿದಳು. ಆಮೇಲೆ ಶಾಲೆಗೆ ಬಂದ ಸರ್ಕಾರಿ ಡಾಕ್ಟರಮ್ಮ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬಹಳ ಹೊತ್ತು ಕೇಳಿ, ಈ ಶಿಬಿರಕ್ಕೆ ಚೀಟಿ ಬರೆದುಕೊಟ್ಟಿದ್ದರು.

"ಇಲ್ಲಿ ನೋಡಿ," ಅಂದರು ಡಾಕ್ಟರ್ ಬಸವರಾಜು, ಪರದೆಯನ್ನು ಅವರ ಕಡೆ ತಿರುಗಿಸಿ. ಐವತ್ತು ದಾಟಿದ, ನಿಧಾನಕ್ಕೆ ಮಾತಾಡುವ ಮನುಷ್ಯ. "ಹೃದಯದಲ್ಲಿ ಎಡಕ್ಕೊಂದು ಬಲಕ್ಕೊಂದು ಕೋಣೆ ಇರುತ್ತೆ. ಮಧ್ಯೆ ಒಂದು ಗೋಡೆ. ಈ ವಯಸ್ಸಿಗೆ ಆ ಗೋಡೆ ಆರೋ ಏಳೋ ಮಿಲಿಮೀಟರ್ ಇರಬೇಕು. ಇವಳದು ಹದಿನೆಂಟಿದೆ."

"ದಪ್ಪ ಇದ್ರೆ ಗಟ್ಟಿ ಅಲ್ವಾ ಸಾರ್?" ಅಂದ ಕುಮಾರ್. ಪಾಪ, ಹೋದ ವರ್ಷವಷ್ಟೇ ಹೊಸಮನೆ ಕಟ್ಟಿಸಿದವನು. ಗೋಡೆ ಅಂದರೆ ಅವನಿಗೆ ಅದೇ ಲೆಕ್ಕ.

"ಮನೆಗೆ ಸರಿ ಕಣಪ್ಪ. ಇದು ಮಾಂಸದ ಗೋಡೆ. ದಪ್ಪ ಆದಷ್ಟೂ ರಕ್ತ ಹೊರಗೆ ಹೋಗೋ ದಾರಿಗೆ ಅಡ್ಡ ಬರುತ್ತೆ. ಓಡಿದಾಗ, ಆಡಿದಾಗ ಹೃದಯದ ಬಡಿತ ತಾಳ ತಪ್ಪಬಹುದು. ಇದು ವಂಶದಲ್ಲಿ ಬರೋ ಕಾಯಿಲೆ. ಅದಕ್ಕೇ ಕೇಳಿದ್ದು."

ವಾಣಿಶ್ರೀಗೆ ಒಂದು ನೆನಪಾಯಿತು. ಪಿಯುಸಿವರೆಗೆ ಓದಿದವಳು, ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕು ಅನ್ನುವ ಅಭ್ಯಾಸ. "ನಮ್ಮ ಭಾವನೋರು ಹತ್ತೊಂಬತ್ತಕ್ಕೇ ಹೋದ್ರು ಸಾರ್. ಇವರ ಅಣ್ಣ, ಯತೀಶ್ ಅಂತ. ಆದ್ರೆ ಅದು ಹಾವು ಕಚ್ಚಿ. ಅದೂ ಹೇಳ್ಬೇಕಾ?"

ಡಾಕ್ಟರು ಪೆನ್ನು ಎತ್ತಿಕೊಂಡರು. "ಹಾವು ಕಚ್ಚಿದ್ದನ್ನ ಯಾರಾದ್ರೂ ನೋಡಿದ್ರಾ?"

"ನಾನೇ ನೋಡ್ದೆ ಸಾ," ಅಂದಳು ಜಯಲಕ್ಷ್ಮಮ್ಮ. "ಗೋಧಿ ನಾಗರ. ಮಾರುದ್ದ ಇತ್ತು."

ಕುಮಾರ್ ತನ್ನ ಚಪ್ಪಲಿ ನೋಡಿಕೊಂಡ. ಡಾಕ್ಟರು 'ಹಾವು ಕಡಿತ' ಅಂತ ಬರೆದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ. ಜಯಲಕ್ಷ್ಮಮ್ಮ ಹೇಳಿದ್ದು ಒಂದೇ. ಅದನ್ನೂ ಅವಳು ಹುಟ್ಟಿಸಲಿಲ್ಲ, ಸಾಕಿದಳು ಅಷ್ಟೆ. ಇಪ್ಪತ್ತೊಂದು ವರ್ಷದ ಹಿಂದೆ ಯತೀಶ ಹೊಲದ ಬದುವಿನ ಮೇಲೆ ಬಿದ್ದಾಗ ಹತ್ತಿರ ಇದ್ದವಳು ಅವಳೊಬ್ಬಳೇ. ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡುತ್ತಿದ್ದ ಹುಡುಗ ಹಾಗೇ ಮುಂದಕ್ಕೆ ಬಿದ್ದ. ಎಡವಲಿಲ್ಲ, ಕೂಗಲಿಲ್ಲ. ಅವಳು ಹೋಗಿ ಅಂಗಾತ ತಿರುಗಿಸುವಷ್ಟರಲ್ಲಿ ಆಗಿಹೋಗಿತ್ತು. ಓಡಿಬಂದವರಲ್ಲಿ ಯಾರೋ ಅವನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಗೀರಿದ ಗಾಯ ನೋಡಿ "ಉಳ ಮುಟ್ಟೈತೆ, ಆವೇ ಇರ್ಬೇಕು" ಅಂದರು. ಅವಳು ಅಲ್ಲ ಅನ್ನಲಿಲ್ಲ. ಹಾವು ಕಚ್ಚಿ ಸತ್ತರೆ ಅದು ಹಣೆಬರಹ. ಸುಮ್ಮನೆ ಓಡುತ್ತಿದ್ದವನು ಬಿದ್ದು ಸತ್ತ ಅಂದರೆ ಅದು ಮನೆತನದ ದೋಷ. ಅಂಥ ಮನೆಯ ಇನ್ನೊಬ್ಬ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ? ಹದಿನೈದು ವರ್ಷದ ಕುಮಾರನಿಗೂ ಹಾಗೇ ಹೇಳು ಅಂತ ಕಲಿಸಿದಳು. ಮಿರ್ಲೆಯಿಂದ ವಾಣಿಶ್ರೀಯ ಅಪ್ಪ ಮನೆ ನೋಡಲು ಬಂದು, ದೊಡ್ಡ ಮಗನಿಗೆ ಏನಾಗಿತ್ತು ಅಂತ ವಿಚಾರಿಸಿದಾಗ, ಹಾವಿನ ಬಣ್ಣ ಉದ್ದ ಎಲ್ಲ ಕೂಡಿಸಿ ಹೇಳಿದಳು. ಮೊದಲ ವರ್ಷ ಮೊಳದುದ್ದ ಇದ್ದದ್ದು ಅಷ್ಟರಲ್ಲಿ ಮಾರುದ್ದ ಆಗಿತ್ತು. ಸುಳ್ಳಿಗೆ ಕಾಲಿಲ್ಲ ಅಂತಾರೆ. ಈ ಸುಳ್ಳಿಗೆ ಹೆಡೆಯೇ ಇತ್ತು.

ಡಾಕ್ಟರು ಜೆಲ್ ಒರೆಸಲು ನರ್ಸ್ ಪ್ರೇಮಾಳಿಗೆ ಹೇಳಿ, ಚೀಟಿ ಬರೆಯುತ್ತ ವಿವರಿಸಿದರು. "ಮಾತ್ರೆ ಕೊಡ್ತೀನಿ, ಬೆಳಿಗ್ಗೆ ಸಂಜೆ. ಓಟ, ಖೋಖೋ ಏನೂ ಬೇಡ. ಆರು ತಿಂಗಳು ಬಿಟ್ಟು ಮತ್ತೆ ಎಕೋ ಮಾಡೋಣ. ಮಕ್ಕಳು ಬಿಸಿಲಿಗೂ ಬೀಳ್ತಾರೆ, ಹೊಟ್ಟೆ ಹಸಿದೂ ಬೀಳ್ತಾರೆ. ಮನೇಲಿ ಯಾರಾದ್ರೂ ಹೀಗೆ ಹಠಾತ್ತಾಗಿ ಹೋಗಿದ್ರೆ ಮಾತ್ರ ನಾನು ಇವಳನ್ನ ಮನೆಗೆ ಕಳಿಸ್ತಿರಲಿಲ್ಲ. ಇವತ್ತೇ ಮೈಸೂರಿಗೆ ಬರಬೇಕಾಗಿತ್ತು. ಎದೆ ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ಕೂರಿಸೋ ಯೋಚನೆ ಮಾಡಬೇಕಾಗಿತ್ತು. ಬಡಿತ ತಪ್ಪಿದ್ರೆ ಅದೇ ಸರಿ ಮಾಡುತ್ತೆ. ದೇವರ ದಯೆ, ನಿಮ್ಮಲ್ಲಿ ಅಂಥದ್ದೇನೂ ಇಲ್ಲ."

"ಎಲ್ಲ ಆ ಅಮ್ಮನೋರ ದಯೆ," ಅಂತ ವಾಣಿಶ್ರೀ ಕೈಮುಗಿದಳು. ಜಯಲಕ್ಷ್ಮಮ್ಮನೂ ಮುಗಿದಳು.

ಊಟದ ಹಾಲಿನಲ್ಲಿ ಬಂದವರಿಗೆಲ್ಲ ಟೊಮೆಟೊ ಬಾತು, ಮೊಸರನ್ನ ಹಾಕುತ್ತಿದ್ದರು. ಕುಮಾರ್ ಎರಡು ಸಲ ಹಾಕಿಸಿಕೊಂಡ. ವಾಣಿಶ್ರೀ ಚೀಟಿಯನ್ನು ಫೈಲಿನೊಳಗಿಟ್ಟು, ಮತ್ತೆ ತೆಗೆದು ಓದಿ, ಮತ್ತೆ ಒಳಗಿಟ್ಟಳು. ಬೆಳಗಿನಿಂದ ಬಿಗಿಹಿಡಿದಿದ್ದ ಅವಳ ಮುಖ ಈಗ ಸ್ವಲ್ಪ ಸಡಿಲಾಗಿತ್ತು. ಜಯಲಕ್ಷ್ಮಮ್ಮನ ಎಲೆಯಲ್ಲಿ ಬಾತು ಹಾಗೇ ಇತ್ತು.

"ಯಾಕವ್ವ, ಉಣ್ಣಾಕಿಲ್ವಾ?" ಅಂದ ಕುಮಾರ್.

"ಉಣ್ತೀನಿ ಬುಡು," ಅಂದವಳು ದನಿ ತಗ್ಗಿಸಿ, "ಕುಮಾರ, ಹೇಳ್ಬುಡಾನ ಏನ್ಲಾ?" ಅಂತ ಕೇಳಿದಳು.

ಅವನು ಹೆಂಡತಿಯ ಕಡೆ ಒಮ್ಮೆ ನೋಡಿ, "ಸುಮ್ನಿರವ್ವ. ಮಾತ್ರೆ ಕೊಟ್ಟವ್ರಲ್ಲ," ಅಂದ. ಕೆಟ್ಟವನಲ್ಲ ಕುಮಾರ್. ಹೆಂಡತಿ ಮನೆಯವರ ಮುಂದೆ ಹನ್ನೆರಡು ವರ್ಷ ತಲೆ ಎತ್ತಿ ಓಡಾಡಿದ್ದಾನೆ, ಅದು ತಗ್ಗೀತು ಅಂತ ಹೆದರಿಕೆ. ಗಂಡಸಿಗೆ ಅಂಥ ಹೊತ್ತಿನಲ್ಲಿ ಮಾತ್ರೆಯೇ ದೊಡ್ಡದಾಗಿ ಕಾಣುತ್ತದೆ.

ಆಗ ಚಿನ್ನು ಓಡಿದಳು. ಉಂಡು ಕೈತೊಳೆದು ಬರುತ್ತೇನೆ ಅಂತ ಹೋದವಳು ಯಾವುದೋ ಊರಿನ ಹುಡುಗಿಯ ಜೊತೆ ಪಂದ್ಯ ಕಟ್ಟಿ, ಊಟದ ಹಾಲಿನ ತೆರೆದ ಬಾಗಿಲಾಚೆ, ಮಂಟಪದ ಉದ್ದಕ್ಕೂ ಕುರ್ಚಿಗಳ ನಡುವೆ, ಗಂಡುಹೆಣ್ಣು ಕೂರುವ ವೇದಿಕೆಯವರೆಗೆ ಓಡಿದಳು. ಜಯಲಕ್ಷ್ಮಮ್ಮ ಎಲೆಯಿಂದ ತಲೆ ಎತ್ತಿ ನೋಡಿದಳು. ಅಷ್ಟು ದೂರದಿಂದ ಆ ಬೆನ್ನು, ಆ ಎತ್ತಿಟ್ಟ ಹಿಮ್ಮಡಿ ಎಲ್ಲ ಯತೀಶನದೇ. ಅಯ್ಯೋ ನನ್ನ ಕೂಸೆ, ಬಿತ್ತು, ಈಗ ಬಿತ್ತು ಅಂತ ಅವಳು ಕೂತಲ್ಲೇ ಮೇಜನ್ನು ಹಿಡಿದುಕೊಂಡಳು.

ಬೀಳಲಿಲ್ಲ. ವೇದಿಕೆ ಮುಟ್ಟಿ, ಗೆದ್ದೆ ಅಂತ ಕೈಯೆತ್ತಿ, ಆಮೇಲೆ ಒಂದು ಕುರ್ಚಿಯ ಬೆನ್ನು ಹಿಡಿದು ಏದುಸಿರು ಬಿಡುತ್ತ ನಿಂತಳು. ತುಟಿ ಬೆಳ್ಳಗಾಗಿತ್ತು. ವಾಣಿಶ್ರೀ ಎದ್ದು ಹೋಗಿ ಬೈಯುತ್ತ ಕರೆತಂದಳು. ಮಗು ನಗುತ್ತಲೇ ಇತ್ತು.

ಜಯಲಕ್ಷ್ಮಮ್ಮ ಎಲೆ ಬಿಟ್ಟು ಎದ್ದಳು. "ಎಲ್ಲಿಗವ್ವ?" ಅಂತ ಮಗ ಕೇಳುವಷ್ಟರಲ್ಲಿ ಬಾಗಿಲು ದಾಟಿದ್ದಳು.

ವಧುವಿನ ಕೊಠಡಿಯಲ್ಲಿ ಬೇರೊಂದು ಮಗು ಮಲಗಿತ್ತು. ಪ್ರೇಮಾ ಬಾಗಿಲಲ್ಲೇ ತಡೆದಳು. "ನಿಮ್ದು ಮುಗೀತಲ್ಲಜ್ಜಿ."

"ಮುಗ್ದಿಲ್ಲ ಕಣವ್ವ. ಒಂದು ಮಾತು ಬಾಕಿ ಉಳ್ಕಂಡದೆ."

ಆ ಮಗುವಿನದು ಮುಗಿಯುವವರೆಗೆ ಅವಳು ಗೋಡೆಗೆ ಒರಗಿ ನಿಂತಳು. ಹಿಂದೆಯೇ ವಾಣಿಶ್ರೀ ಚಿನ್ನುವಿನ ಕೈಹಿಡಿದು ಬಂದಳು, ಅವಳ ಹಿಂದೆ ಕುಮಾರ್. ಒಳಗೆ ಕರೆದಾಗ ಸೊಸೆಯನ್ನು ಹೊರಗೇ ಇರು ಅನ್ನಬಹುದಿತ್ತು. ಜಯಲಕ್ಷ್ಮಮ್ಮ ಹಾಗನ್ನಲಿಲ್ಲ. ಸುಳ್ಳು ಹೇಳಿದ್ದು ಇವಳಿಗೆ, ನಿಜ ಇವಳ ಬೆನ್ನ ಹಿಂದೆ ಹೇಳಿದರೆ ಅದೂ ಒಂದು ಸುಳ್ಳೇ ಆಗುತ್ತದೆ ಅಂತ ಅವಳಿಗೆ ಅನ್ನಿಸಿರಬೇಕು.

"ಡಾಕ್ಟ್ರೇ, ಆಗ್ಲೇ ಬರ್ಕಂಡ್ರಲ್ಲ, ಅದ್ನ ಹೊಡ್ದಾಕಿ," ಅಂದಳು. "ನನ್ ಮಗಂಗೆ ಯಾವ ಆವೂ ಕಚ್ಲಿಲ್ಲ. ಓಡ್ತಾ ಓಡ್ತಾ ಬಿದ್ದ. ಬಿದ್ದವನು ಏಳ್ನಿಲ್ಲ. ಅದ್ಕೂ ಮುಂಚೆ ಎಲ್ಡು ಸಲ ಬಿದ್ದು ಎದ್ದಿದ್ದ, ಈ ಮಗ ಬಿದ್ದಂಗೇ. ಮುಚ್ಚಾಕ್ದೆ. ನಾನೇ."

ಪ್ರೇಮಾ ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮಸುಮ್ಮನೆ ಮಡಿಚಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಮುದುಕಿಗೆ ಹಗುರ ಆಗುತ್ತಿತ್ತೇನೋ. ಅವರು ಬರೆದದ್ದರ ಮೇಲೆ ಗೀಟೆಳೆದು, "ಎಷ್ಟು ವಯಸ್ಸಂದ್ರಿ, ಹತ್ತೊಂಬತ್ತಾ?" ಅಂತ ಮತ್ತೊಮ್ಮೆ ಕೇಳಿ ಬರೆದುಕೊಂಡರು.

ವಾಣಿಶ್ರೀ ಗಂಡನನ್ನು ನೋಡಿದಳು. ಅವನು ಗೊತ್ತಿಲ್ಲದವನ ಮುಖ ಮಾಡಲು ಹೋಗಿ ಆಗದೆ ಮತ್ತೆ ಚಪ್ಪಲಿ ನೋಡಿಕೊಂಡ. "ನಿಮಗೂ ಗೊತ್ತಿತ್ತು," ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ದನಿ ಏರಲಿಲ್ಲ. "ಪ್ರತಿ ನಾಗರಚೌತಿಗೂ ಒಪ್ಪತ್ತಿದ್ದು ಹುತ್ತಕ್ಕೆ ಹಾಲೆರೆದಿದ್ದೀನಿ ಅತ್ತೆ. ಇನ್ನು ಯಾರನ್ನೂ ಮುಟ್ಟಬೇಡಪ್ಪ ಅಂತ ಬೇಡ್ಕೊಂಡಿದ್ದೀನಿ. ಬಸುರೀಲೂ ಬಿಟ್ಟಿಲ್ಲ. ಪಕ್ಕದಲ್ಲೇ ನಿಂತ್ಕೊಂಡು ನೋಡ್ತಿದ್ರಲ್ಲ ನೀವು."

ವಾಣಿಶ್ರೀ ಮಗಳನ್ನು ಎಳೆದುಕೊಂಡು ಕೋಣೆಯ ಆ ತುದಿಗೆ, ದೊಡ್ಡ ಕನ್ನಡಿಯ ಹತ್ತಿರ ಹೋಗಿ ನಿಂತಳು.

"ನೀವು ಹೇಳಿದ್ದು ಒಳ್ಳೇದಾಯ್ತಮ್ಮ," ಅಂದರು ಡಾಕ್ಟರು. "ಮಗು ಇವತ್ತು ಊರಿಗೆ ಹೋಗೋದು ಬೇಡ. ನಮ್ಮ ಗಾಡೀಲೇ ಮೈಸೂರಿಗೆ ಬರಲಿ. ಈಗ ಕುಮಾರ್, ಶರ್ಟ್ ತೆಗೆದು ಮಲಗಿ."

"ನಂಗೇನಾಗದೆ ಸಾರ್? ಹೊಗೆಸೊಪ್ಪಿನ ಬೇಲು ಒಬ್ನೇ ಎತ್ತಾಕ್ತೀನಿ," ಅನ್ನುತ್ತಲೇ ಅವನು ಮಲಗಿದ. ಎತ್ತಿ ಹಾಕುವ ಆ ಎದೆಯೊಳಗಿನ ಗೋಡೆ ಹದಿನೈದು ಮಿಲಿಮೀಟರ್ ಇತ್ತು. ದೊಡ್ಡವರಿಗೆ ಹತ್ತು ಹನ್ನೊಂದು ಇರಬೇಕು ಅಂದರು. ಅವನು ಎದ್ದು ಶರ್ಟಿನ ಗುಂಡಿಗಳನ್ನು ಮೇಲುಕೆಳಗಾಗಿ ಹಾಕಿಕೊಂಡ.

"ನಿಮ್ಮ ತಂದೆ?"

"ಮೂರು ವರ್ಸ ಆಯ್ತು ಸಾರ್. ಸಕ್ಕರೆ ಕಾಯಿಲೆ."

"ಅವ್ರ ಕಡೆಯಿಂದ್ಲೇ ಬಂದಿರಾದು ಸಾ," ಅಂದಳು ಜಯಲಕ್ಷ್ಮಮ್ಮ ತಟ್ಟನೆ. "ಅವ್ರ ವಂಸದ್ದೇ ಇದು. ನಾನು ಅವತ್ತೇ ಅಂದಿದ್ದೆ."

ಅಂದಿದ್ದಳು, ನಿಜ. ಊರಿಗೆ ಹಾವಿನ ಕಥೆ. ಮನೆಯೊಳಗೆ ಗಂಡನಿಗೆ ಬೇರೆ ಕಥೆ. ನಿನ್ ವಂಸದ ಗರ ನನ್ ಮಗನ್ನ ತಿನ್ಕತು ಅಂತ ಚಲುವಯ್ಯನಿಗೆ ಹದಿನೆಂಟು ವರ್ಷ ಅಂದಳು. ಸಾರು ಸಪ್ಪೆ ಅಂದರೂ ಅದೇ, ಮಳೆ ತಡವಾದರೂ ಅದೇ. ಅವನು ಎದುರಾಡುವ ಮನುಷ್ಯನಲ್ಲ. ಕೋಟೆ ಕಡೆಯ ಹ್ಯಾಂಡ್‌ಪೋಸ್ಟ್ ಊರಿನ ಆಚೆಗಿದ್ದ ದಾಯಾದಿಗಳವರೆಗೂ ಬಸ್ಸು ಹತ್ತಿ ಹೋಗಿ, ನಮ್ಮಲ್ಲಿ ಯಾರಾದರೂ ಹಿಂಗೆ ಸತ್ತವರುಂಟಾ ಅಂತ ಹಳಬರನ್ನೆಲ್ಲ ಕೇಳಿಬಂದ. ಒಬ್ಬರೂ ಸಿಗಲಿಲ್ಲ. ಸಿಗದಿದ್ದರೂ ಹೆಂಡತಿಯ ಮಾತನ್ನೇ ನಂಬಿದ. ಯತೀಶನ ತಿಥಿಯ ದಿನ ಎಡೆಯ ಮುಂದೆ ತಪ್ಪಾಯ್ತು ಮಗಾ ಅಂತ ಅಡ್ಡಬೀಳುತ್ತಿದ್ದ. ಸಾಯುವ ವರ್ಷದವರೆಗೂ ಹಾಗೇ ಅಡ್ಡಬಿದ್ದ.

"ಇರಬಹುದು," ಅಂದರು ಡಾಕ್ಟರು. "ಅವರನ್ನಂತೂ ಈಗ ನೋಡಕ್ಕಾಗಲ್ಲ. ನೀವಿದ್ದೀರಲ್ಲ, ಮಲಗಿ."

"ನಂದ್ಯಾಕೆ ಸಾ? ಅರವತ್ತೆಂಟು ಆಯ್ತು ನಂಗೆ."

"ಸುಮ್ನೆ ನೋಡೋಣ. ಎರಡು ನಿಮಿಷ."

ಹೆರಿಗೆಗೂ ಆಸ್ಪತ್ರೆ ಕಾಣದವಳು. ಪ್ರೇಮಾ ಪರದೆಬಟ್ಟೆ ಎಳೆದು, ಅವಳನ್ನು ಮಲಗಿಸಿ, ರವಿಕೆಯ ಹುಕ್ಕು ಬಿಚ್ಚಿದಳು. ಡಾಕ್ಟರು ಕಣ್ಣು ಯಂತ್ರದ ಮೇಲೇ ಇಟ್ಟುಕೊಂಡು ಕೆಲಸ ಮಾಡಿದರು. ಎರಡು ನಿಮಿಷ ಅಂದದ್ದು ಹತ್ತಾಯಿತು. ಒಂದೇ ಜಾಗದಲ್ಲಿ ಮತ್ತೆಮತ್ತೆ ಅಳೆದರು. ಬಿಪಿ ನೋಡಿ ಅಂತ ಪ್ರೇಮಾಳಿಗೆ ಹೇಳಿದರು. ನೋಡಿದಳು, ಸರಿಯಾಗಿತ್ತು. ಇನ್ನೊಂದು ಸಲ ನೋಡಿಸಿದರು. ಆಗಲೂ ಸರಿಯಾಗಿತ್ತು.

"ಅಜ್ಜಿ, ಸುಸ್ತಾಗುತ್ತಾ? ಎದೆ ಡವಡವ ಅನ್ನೋದು?"

"ಅಂತದೆ. ಯಾರ್ಗನ್ನಾಕಿಲ್ಲ ಸಾ? ಸೊಪ್ಪಿನ ಹೊರೆ ಒತ್ಕಂಡು ಬಂದ್ರೆ ವಸಿ ಕೂತ್ಕತೀನಿ."

"ನಿಮ್ಮ ತವರಲ್ಲಿ ಯಾರಾದ್ರೂ ಹೀಗೆ..."

ಅವಳು ಚಾವಣಿ ನೋಡುತ್ತ ಮಲಗಿದ್ದಳು. ಅವಳ ತಮ್ಮ ನಿಂಗಯ್ಯ ಉಳುತ್ತ ಉಳುತ್ತ ನೇಗಿಲಿನ ಮೇಲೇ ಕವುಚಿಕೊಂಡಿದ್ದ. ಆಗ ಇಪ್ಪತ್ತೆರಡು ಅವನಿಗೆ. ಮಟಮಟ ಮಧ್ಯಾಹ್ನ, ಗಾಳಿ ಸೋಕಿತು ಅಂದಿದ್ದರು. ಅವಳು ಆಗಲೇ ಕೊಟ್ಟ ಹೆಣ್ಣು, ಹೋಗಿ ಅತ್ತು ಬಂದಿದ್ದಳು. ಆ ಸಾವನ್ನೂ ಈ ಸಾವನ್ನೂ ಒಂದೇ ಕಡೆ ಇಟ್ಟು ನೋಡಬೇಕು ಅಂತ ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ.

"ಒಬ್ಬ ಇದ್ದ," ಅಂದಳು.

ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. "ಇದು ನಿಮ್ಮ ಗೋಡೆ. ಹದಿನಾರಿದೆ. ಬಿಪಿಯಿಂದ ದಪ್ಪ ಆಗಿದ್ದಲ್ಲ. ಇದು ನಿಮ್ಮ ಕಡೆಯಿಂದ ಬಂದಿದೆ ಅಜ್ಜಿ. ನಿಮ್ಮ ಮಕ್ಕಳಿಗೆ, ಅಲ್ಲಿಂದ ಮೊಮ್ಮಗಳಿಗೆ. ಇದರಲ್ಲಿ ಯಾರದೂ ತಪ್ಪಿಲ್ಲ. ಮೂಗು, ಕಣ್ಣು ಬಂದ ಹಾಗೆ ಇದೂ ಬರುತ್ತೆ."

ಮುದುಕಿ ನೋಡಿದಳು. ಪರದೆಯಲ್ಲಿ ಅದು ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು.

ಚಿನ್ನು ಅಮ್ಮನ ಕೈ ಬಿಡಿಸಿಕೊಂಡು ಪರದೆಬಟ್ಟೆ ಸರಿಸಿ ಒಳಗೆ ಬಂದಳು. "ಅಜ್ಜಿದೂ ನನ್ನಂಗೇ ದಪ್ಪನಾ ಸಾರ್?"

"ಹೂಂ ಪುಟ್ಟ."

"ಹಂಗಿದ್ರೂ ಅಜ್ಜಿಗೆ ಏನೂ ಆಗಿಲ್ಲ."

"ಹೂಂ. ಎಲ್ಲರಿಗೂ ಆಗಲ್ಲ. ನಿನಗೂ ಆಗಬಾರದು ಅಂತಾನೇ ಮೈಸೂರಿಗೆ ಹೋಗ್ತಿರೋದು." ಡಾಕ್ಟರು ಎದ್ದು, ಆಸ್ಪತ್ರೆಗೆ ಫೋನ್ ಮಾಡಿ ಮಗುವಿಗೆ ಒಂದು ಹಾಸಿಗೆ ಹೇಳಿಡಲು ಹೊರಗೆ ಹೋದರು. ಮುಂದಿನ ಮಗುವನ್ನು ಕರೆಯಲು ಪ್ರೇಮಾಳೂ ಹೋದಳು. ಕುಮಾರ್ ಇಷ್ಟು ದೊಡ್ಡವಳಾದ ಮಗಳನ್ನು ಬಹಳ ದಿನದ ಮೇಲೆ ಎತ್ತಿಕೊಂಡು ಅವರ ಹಿಂದೆ ನಡೆದ.

ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಜಯಲಕ್ಷ್ಮಮ್ಮ ಏಳಲು ಹೋಗಿ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಎದೆಯ ಮೇಲಿನ ಜೆಲ್ ಹೊಟ್ಟೆಗೆ ಇಳಿಯುತ್ತಿತ್ತು. ರವಿಕೆ ಎರಡೂ ಕಡೆ ಜೋತಾಡುತ್ತಿತ್ತು. ಸೆರಗು ಎಳೆದುಕೊಳ್ಳಬೇಕು ಅನ್ನುವುದೂ ಅವಳಿಗೆ ತೋಚಲಿಲ್ಲ.

"ಆವಯ್ಯಂಗೆ ಸುಮ್‌ಸುಮ್ನೆ ಅಂದ್ಬುಟ್ಟೆ ಕಣವ್ವ ವಾಣಿ," ಅಂದಳು. "ಸಾಯಾಗಂಟ ಅಂದೆ. ನನ್ನೆದೇಲಿತ್ತಂತೆ. ನನ್ನೆದೇಲೇ ಮಡಿಕಂಡು ಆ ಮನುಸಂಗೆ ಅಂದೆ."

ವಾಣಿಶ್ರೀ ಕನ್ನಡಿಯ ಹತ್ತಿರದಿಂದ ಕದಲಲಿಲ್ಲ. ಹೊರಗೆ ಮೈಕಿನಲ್ಲಿ ಯಾರದೋ ನಂಬರು ಕೂಗಿದರು. ಇನ್ನೊಮ್ಮೆ ಕೂಗಿದರು. ಆಮೇಲೆ ಅವಳು ಬಂದು, ಫೈಲನ್ನು ಮಂಚದ ಮೇಲಿಟ್ಟು, ಪ್ರೇಮಾ ಬಿಟ್ಟುಹೋಗಿದ್ದ ಬಟ್ಟೆ ಎತ್ತಿಕೊಂಡಳು. ಅತ್ತೆಯ ಎದೆಯನ್ನು, ಹೊಟ್ಟೆಯನ್ನು, ಮೊಲೆಯ ಕೆಳಗಿನ ಮಡಿಕೆಗಳನ್ನು ಮಗುವಿಗೆ ಒರೆಸಿದ ಹಾಗೆ ಒರೆಸಿದಳು. ರವಿಕೆಯ ಎರಡು ಅಂಚನ್ನು ಕೂಡಿಸಿ ಕೆಳಗಿನಿಂದ ಒಂದೊಂದೇ ಹುಕ್ಕು ಹಾಕುತ್ತ ಬಂದಳು. ಮೇಲಿನದಕ್ಕೆ ಅಡ್ಡ ಬಂದಿತ್ತು ಮುದುಕಿಯ ಮುಷ್ಟಿ, ಎದೆಯನ್ನೇ ಹಿಡಿದುಕೊಂಡು.

"ಕೈ ತೆಗೀರಿ ಅತ್ತೆ," ಅಂದಳು ವಾಣಿಶ್ರೀ. "ಮೈಸೂರಿಗೆ ಹೊತ್ತಾಗುತ್ತೆ."